ಕೆರೆಯ ಸುತ್ತ ಹನ್ನೊಂದು ಬೆಂಚು

ಜನವರಿ 9, ಗುರುವಾರ

ಮಂಗಳೂರಿನ ಆಸ್ಪತ್ರೆಯಿಂದ ಬಂದು ಮೂರು ದಿನವಾಯಿತು. ಇವತ್ತು ಪೆನ್ನು ಹಿಡಿಯುವಷ್ಟು ಕೋಪ ಇಳಿದಿದೆ.

ಕಾಲಿಗೆ ಹೋಗುವ ನರಗಳು ಒಂದೊಂದಾಗಿ ಸಾಯುತ್ತಿವೆಯಂತೆ. ಕಾಯಿಲೆಯ ಹೆಸರು ಉದ್ದವಿದೆ. ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದೇನೆ, ಬಾಯಲ್ಲಿ ಹೇಳಿ ಅಭ್ಯಾಸ ಮಾಡಿಕೊಳ್ಳುವ ಉದ್ದೇಶವಿಲ್ಲ. "ಎಷ್ಟು ದಿನ ನಡೀಬಹುದು ಡಾಕ್ಟ್ರೆ?" ಅಂತ ಕೇಳಿದೆ. "ಒಬ್ಬೊಬ್ರಿಗೆ ಒಂದೊಂದು ಥರ" ಅಂದರು. ಇಪ್ಪತ್ತೇಳು ವರ್ಷದಿಂದ ಪಿಯುಸಿ ಮಕ್ಕಳಿಗೆ ಭೂಗೋಳ ಪಾಠ ಮಾಡುತ್ತಿರುವವಳು ನಾನು. ಉತ್ತರ ಗೊತ್ತಿಲ್ಲದವರ ಮುಖವೂ ಗೊತ್ತು, ಗೊತ್ತಿದ್ದೂ ಹೇಳದವರ ಮುಖವೂ ಗೊತ್ತು. ಮತ್ತೆ ಕೇಳಿದೆ. "ಈ ವರ್ಷ ಆಸರೆ ಹಿಡ್ಕೊಂಡು ನಡೀತೀರಿ. ಮುಂದಿನ ವರ್ಷದ ಮಾತು ನಾನು ಕೊಡಲ್ಲ" ಅಂದರು.

ಹಾಗಾದರೆ ಈ ವರ್ಷವೇ ಹೋಗಬೇಕು. ಆಲ್ಪ್ಸ್ ಪರ್ವತವನ್ನು ಕಂದು ಸೀಮೆಸುಣ್ಣದಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೋ ಲೆಕ್ಕವಿಲ್ಲ. ಒಂದು ಸಲವಾದರೂ ಅಲ್ಲಿ ಒಂದು ವಾರ ನಡೆಯಬೇಕು. ನನಗೆ ಬಂಗಾರ ಬೇಡ, ಸೀರೆ ಬೇಡ, ಇದೊಂದು ಬೇಕು. ಹೋದ ವರ್ಷ ಸೆಪ್ಟೆಂಬರಿಗೆ ಹೋಗೋಣ ಅಂದಿದ್ದೆ. ಯಶವಂತ ಅನ್ನುವ ಈ ಮನುಷ್ಯ, ಮೂವತ್ತು ವರ್ಷದ ನನ್ನ ಗಂಡ, "ಮುಂದಿನ ವರ್ಷ ಹೋಗಣ ಮಾರಾಯ್ತಿ, ಈ ವರ್ಷ ತೋಟಕ್ಕೆ ಆಳೇ ಸಿಕ್ತಾ ಇಲ್ಲ" ಅಂದರು. ನಾನೂ ಸರಿ ಅಂದೆ.

ಮಂಗಳೂರಿನಿಂದ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಇವರು ಏನೋ ಹೇಳಲು ಬಾಯಿ ತೆರೆದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಜನವರಿ 15, ಬುಧವಾರ

ತಪ್ಪು ಯಾರದು ಅಂತ ಕೂತು ಯೋಚಿಸಿದೆ. ಜಿಗಣೆಯದು.

ಹೋದ ಆಗಸ್ಟಿನಲ್ಲಿ ತೋಟ ಸುತ್ತಿ ಬಂದು ಗಂಬೂಟು ಬಿಚ್ಚಿದರೆ ಎರಡೂ ಕಾಲುಚೀಲ ರಕ್ತ. ಹದಿನಾಲ್ಕು ಜಿಗಣೆ ಕಚ್ಚಿದ್ದವು, ಒಂದೂ ನನಗೆ ಗೊತ್ತಾಗಿರಲಿಲ್ಲ. ಅದಕ್ಕೆ ಯಾರೂ ಆಶ್ಚರ್ಯ ಪಡಲಿಲ್ಲ. ಜಿಗಣೆ ಕಚ್ಚಿದ್ದು ನಮ್ಮ ಬಾಳೂರಿನಲ್ಲಿ ಯಾರಿಗೆ ತಾನೆ ಗೊತ್ತಾಗುತ್ತದೆ? ಆದರೆ ಗಾಯಕ್ಕೆ ಸುಣ್ಣ ಹಚ್ಚಿದಾಗ ಉರಿಯಬೇಕಿತ್ತು. ಉರಿಯಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ. ಮಳೆಗಾಲದಲ್ಲಿ ಕಾಲು ಮರಗಟ್ಟುವುದು, ಜೋಮು ಹಿಡಿಯುವುದು ಎಲ್ಲರಿಗೂ ಇದ್ದದ್ದೇ. ಆ ತಿಂಗಳು ಮೂರು ಸಲ ಎಡವಿದೆ. ಇವರು "ಗಂಬೂಟು ಒಂದು ಸೈಜ್ ದೊಡ್ಡದಾಯ್ತು" ಅಂತ ಮೂಡಿಗೆರೆಗೆ ಹೋಗಿ ಹೊಸ ಗಂಬೂಟು ತಂದರು.

ಬಯಲುಸೀಮೆಯಲ್ಲಿ ಹುಟ್ಟಿದ್ದರೆ ಆಗಸ್ಟಿನಲ್ಲೇ ಡಾಕ್ಟರ ಹತ್ತಿರ ಓಡುತ್ತಿದ್ದೆ. ಇಲ್ಲಿ ಹುಟ್ಟಿದ್ದಕ್ಕೆ ಐದು ತಿಂಗಳು ಗಂಬೂಟಿನ ಅಳತೆ ನೋಡುತ್ತ ಕೂತೆವು.

ಜನವರಿ 26, ಭಾನುವಾರ

ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು ಎಡಕ್ಕೆ ಸ್ವಿಟ್ಜರ್‌ಲೆಂಡ್, ಬಲಕ್ಕೆ ಆಸ್ಟ್ರಿಯಾ ಅಂತ ಬರೆದಿದ್ದೇನೆ. ಅಕ್ಕಪಕ್ಕದ ದೇಶಗಳು, ಪರ್ವತ ಒಂದೇ. ಒಂದೇ ವೀಸಾದಲ್ಲಿ ಎರಡೂ ಕಡೆ ಓಡಾಡಬಹುದು, ಆದರೆ ಎಲ್ಲಿ ಹೆಚ್ಚು ದಿನ ಉಳಿಯುತ್ತೇವೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಹಾಗಾಗಿ ಮೊದಲೇ ತೀರ್ಮಾನ ಆಗಲೇಬೇಕು.

ಸದ್ಯಕ್ಕೆ ಆಸ್ಟ್ರಿಯಾ ಮುಂದಿದೆ. ಅಲ್ಲಿ ಬೆಟ್ಟದ ಮೇಲೆಯೇ ಮರದ ವಸತಿಗಳಿವೆ. ಒಂದರಿಂದ ಇನ್ನೊಂದಕ್ಕೆ ಐದಾರು ಗಂಟೆ ನಡೆಯುವುದು, ಸೂಪು ಕುಡಿದು ಮಲಗುವುದು, ಬೆಳಿಗ್ಗೆ ಎದ್ದು ಮತ್ತೆ ಹೊರಡುವುದು. ಆರು ದಿನದ ದಾರಿಯೊಂದನ್ನು ಆರಿಸಿದ್ದೇನೆ. ಕೆಂಪು ಗುರುತಿನ ದಾರಿ, ಅಂದರೆ ಮಧ್ಯಮ ಕಷ್ಟದ್ದು. ಕಪ್ಪು ಗುರುತಿನದು ಬೇಡ, ಹುಚ್ಚು ಸಾಹಸ ಮಾಡುವ ವಯಸ್ಸು ಐವತ್ತಮೂರಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಪವಿತ್ರಾ ಟೂರಿನವರ ಬಸ್ಸಿನಲ್ಲಿ ಸ್ವಿಟ್ಜರ್‌ಲೆಂಡ್ ನೋಡಿ ಬಂದವಳು. ಹೇಗಿದೆ ಅಂತ ಫೋನು ಮಾಡಿ ಕೇಳಿದೆ. "ಚಳಿ ಮೇಡಂ. ಊಟಕ್ಕೆ ಅನ್ನ ಸಾರು ಕೊಟ್ರು, ಏನೂ ತೊಂದ್ರೆ ಆಗ್ಲಿಲ್ಲ" ಅಂದಳು. ಬೆಟ್ಟ ಹೇಗಿತ್ತು ಅಂದೆ. "ಮೋಡ ಇತ್ತು" ಅಂದಳು.

ಅಭ್ಯಾಸಕ್ಕೆ ಅಂತ ದಿನಾ ಸಂಜೆ ತೋಟದ ಗೇಟಿನ ತನಕ ಹೋಗಿ ಬರುತ್ತಿದ್ದೇನೆ. ಜೊತೆಗೆ ಬರುತ್ತೇನೆ ಅಂದರು ಇವರು. ಬೇಡ ಅಂದೆ. ಕೈ ಹಿಡಿಯಲು ಬಂದರೆ ಇನ್ನೂ ಕೋಪ ಬರುತ್ತದೆ.

ಫೆಬ್ರವರಿ 6, ಗುರುವಾರ

ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದೆ. ಮಕ್ಕಳೇ ಎತ್ತಿದರು. ಒಬ್ಬಳು ನನ್ನ ಚಪ್ಪಲಿ ಹುಡುಕಿ ತಂದು ಕಾಲಿಗೆ ಹಾಕಿದಳು. ಹಾಕಿದ್ದು ನನಗೆ ಗೊತ್ತಾಗಲಿಲ್ಲ, ಬಗ್ಗಿ ನೋಡಿದ ಮೇಲೆ ತಿಳಿಯಿತು. ಪ್ರಿನ್ಸಿಪಾಲರು ನನ್ನ ಕ್ಲಾಸುಗಳನ್ನೆಲ್ಲ ಕೆಳಗಿನ ಕೋಣೆಗೆ ಹಾಕಿಸಿದರು. ಥ್ಯಾಂಕ್ಸ್ ಅಂದೆ, ಹೊಡೆಯಬೇಕು ಅನ್ನಿಸುತ್ತಿತ್ತು.

ಮನೆಗೆ ಬಂದು ನೋಟ್‌ಬುಕ್ಕು ನೋಡಿದರೆ ಸ್ವಿಟ್ಜರ್‌ಲೆಂಡೇ ವಾಸಿ ಅನ್ನಿಸುತ್ತದೆ. ಅಲ್ಲಿ ಕೆಲವು ಬೆಟ್ಟಗಳ ನೆತ್ತಿಯ ತನಕ ರೈಲು ಹೋಗುತ್ತದೆ. ಹತ್ತುವ ಕೆಲಸ ರೈಲಿಗೆ ಬಿಟ್ಟು ಇಳಿಯುವಾಗ ನಡೆದರೆ ಇಡೀ ನೋಟ ಕಣ್ಣೆದುರಿಗೇ ಇರುತ್ತದೆ. ಹತ್ತುವವರಿಗೆ ತಮ್ಮ ಪಾದ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು.

ಫೆಬ್ರವರಿ 19, ಬುಧವಾರ

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮನೆಯಿಂದ ಕಣಕ್ಕೆ ಇಳಿಯುವಾಗ ಮೊಣಕಾಲು ಮಡಚಿಕೊಂಡು, ಒಣಗಲು ಹರಡಿದ್ದ ಕಾಫಿ ಹಣ್ಣಿನ ಮೇಲೇ ಕೂತುಬಿಟ್ಟೆ. ಕಾಫಿ ಕೆದಕುತ್ತಿದ್ದ ಹೆಂಗಸರು ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು.

ಆಲ್ಪ್ಸಿನಲ್ಲಿ ಮಟ್ಟಸವಾದ ದಾರಿಗಳೂ ಇವೆ. ಎರಡೂ ದೇಶದಲ್ಲಿವೆ. ಮತ್ತೆ ಮೊದಲಿನಿಂದ ನೋಡಬೇಕು.

ಮಾರ್ಚ್ 5, ಬುಧವಾರ

ಸ್ವಿಟ್ಜರ್‌ಲೆಂಡಿನ ದಾರಿಯ ಬೋರ್ಡುಗಳಲ್ಲಿ ಎಷ್ಟು ಕಿಲೋಮೀಟರು ಅಂತ ಬರೆಯುವುದಿಲ್ಲ, ಎಷ್ಟು ಹೊತ್ತು ಅಂತ ಬರೆಯುತ್ತಾರೆ. ಇಲ್ಲಿಂದ ಅಲ್ಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಯಾರ ಕಾಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ? ಗೇಟಿಗೆ ಹೋಗಿ ಬರಲು ನನಗೆ ಜನವರಿಯಲ್ಲಿ ಹನ್ನೆರಡು ನಿಮಿಷ ಸಾಕಾಗುತ್ತಿತ್ತು. ಇವತ್ತು ಇಪ್ಪತ್ತಾರು. ಆ ಬೋರ್ಡಿನ ಮುಂದೆ ನಿಂತರೆ ಅದು ನನ್ನನ್ನು ಬೈದ ಹಾಗೇ ಆಗುತ್ತದೆ. ಆಸ್ಟ್ರಿಯಾದಲ್ಲೂ ಹಾಗೇ ಬರೆಯುತ್ತಾರಂತೆ. ಈ ವಿಷಯದಲ್ಲಿ ಎರಡೂ ಸಮ.

ಮಾರ್ಚ್ 14, ಶುಕ್ರವಾರ

ಹೂಮಳೆ ಬಿತ್ತು, ಒಂದೂ ಕಾಲು ಇಂಚು. ಬೆಳಿಗ್ಗೆಯಿಂದ ಇವರ ಫೋನಿಗೆ ಬಿಡುವಿಲ್ಲ. "ನಿಮ್ಮಲ್ಲೆಷ್ಟು? ನಮ್ಮಲ್ಲಿ ಒಂದೂ ಕಾಲು." ಇನ್ನು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ನನ್ನ ಕಾಲಿನ ಬಗ್ಗೆ ಯಾರಾದರೂ ಇಷ್ಟು ಖಚಿತವಾಗಿ ಹೇಳಿದ್ದರೆ ಯಾವ ತಿಂಗಳು ಹೊರಡಬೇಕು ಅಂತ ಗೊತ್ತಾಗುತ್ತಿತ್ತು. ಸದ್ಯಕ್ಕೆ ಜುಲೈ ಅಂತ ಇಟ್ಟುಕೊಂಡಿದ್ದೇನೆ. ಅಷ್ಟು ಹೊತ್ತಿಗೆ ದಾರಿಯ ಮೇಲಿನ ಹಿಮವೆಲ್ಲ ಕರಗಿರುತ್ತದೆ.

ಇವರು ಚಿಕ್ಕಮಗಳೂರಿನಿಂದ ನಾಲ್ಕು ಕಾಲಿನ ವಾಕರ್ ತಂದು ಬಾಗಿಲ ಹಿಂದೆ ಇಟ್ಟಿದ್ದಾರೆ. ಮುಟ್ಟಲಿಲ್ಲ.

ಮಾರ್ಚ್ 23, ಭಾನುವಾರ

ತೋಟ ಪೂರ್ತಿ ಬೆಳ್ಳಗಾಗಿದೆ. ಹಿಮ ಬಿದ್ದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ, ಹಿಮ ನೋಡಿದವರು ಇಲ್ಲಿ ಯಾರೂ ಇಲ್ಲ.

ಹೂ ನೋಡಲು ಹೋದವಳು ದಾರಿಯಲ್ಲಿ ನಿಂತೆ. ನಮ್ಮ ಮೇಸ್ತ್ರಿ ಲಕ್ಕಯ್ಯ ಎಲ್ಲಿಂದಲೋ ಒಂದು ಸ್ಟೂಲು ತಂದಿಟ್ಟ. ಅವನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು "ಎಲ್ಲಿಗೋ ದೂರದ ಬೆಟ್ಟಕ್ಕೆ ಹೋಗ್ತೀರಂತಲ್ಲ ಅಮ್ಮಾವ್ರೆ" ಅಂದ. ಹೌದು ಅಂದೆ.

"ಜೀಪು ಹೋಗುತ್ತಾ?"

"ಇಲ್ಲ ಲಕ್ಕಯ್ಯ, ನಡೀಬೇಕು."

ಲಕ್ಕಯ್ಯ ಬೆರಳು ಮಡಚಿ ಎಣಿಸಿದ. "ನಾವು ನಾಲ್ಕು ಜನ ಬಂದ್ರೆ ಆಗುತ್ತೆ. ಕಂಬ್ಳಿ ಜೋಲಿ ಕಟ್ಟಿ ಎಷ್ಟು ಜನಾನ ಕಳಸದ ಆಸ್ಪತ್ರೆಗೆ ಇಳಿಸಿದೀವಿ ನಾವು. ಒಬ್ರ ಜೀವಾನೂ ದಾರೀಲಿ ಹೋಗಿಲ್ಲ."

ರಸ್ತೆಯಿಲ್ಲದ ಮನೆಗಳಿಂದ ಕಾಯಿಲೆಯವರನ್ನು ಕಂಬಳಿಯಲ್ಲಿ ಮಲಗಿಸಿ, ಬಿದಿರ ಗಳುವಿಗೆ ಕಟ್ಟಿ ಹೊ​ತ್ತು ತರುವುದು ಈ ಕಡೆ ಇನ್ನೂ ಇದೆ. ಅವನು ತಮಾಷೆಗೆ ಹೇಳಲಿಲ್ಲ. ನಾಳೆ ಹೊರಡಿ ಅಂದರೆ ಹೊರಡುವವನೇ. ನನಗೆ ನಗು ಬಂತು. ಆಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತೆ. ನನಗೆ ಹೊರುವವರು ಬೇಡ. ಹೊರುವವರು ಬೇಕಾಗುವ ಮೊದಲು ಹೋಗಿ ಬರಬೇಕು, ನಾನು ಕೇಳುತ್ತಿರುವುದು ಇಷ್ಟೇ.

ಮಾರ್ಚ್ 30, ಯುಗಾದಿ

ವಸ್ತಾರೆಯ ಕಡೆ ಒಬ್ಬರು ನರಕ್ಕೆ ಎಣ್ಣೆ ಕೊಡುತ್ತಾರೆ ಅಂತ ಪವಿತ್ರಾ ಹೇಳಿದಳು. ಹೋಗಿ ತಂದಾಯಿತು. ನಲವತ್ತೆಂಟು ದಿನ, ಸೂರ್ಯ ಹುಟ್ಟುವ ಮೊದಲು, ಯಾರ ಹತ್ತಿರವೂ ಮಾತಾಡದೆ ಹಚ್ಚಿಕೊಳ್ಳಬೇಕು. ಇಂಥದ್ದನ್ನೆಲ್ಲ ನಂಬಬೇಡಿ ಅಂತ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಇವತ್ತು ಬೆಳಿಗ್ಗೆ ಐದು ಗಂಟೆಗೆ ಎದ್ದು ಬಾಯಿ ಮುಚ್ಚಿಕೊಂಡು ಹಚ್ಚಿಕೊಂಡೆ. ಬೆನ್ನ ಹಿಂದೆ ಇವರು ನಡುಮನೆಯಲ್ಲಿ ದೀಪ ಹಾಕದೆ ಕೂತಿದ್ದರು, ನಾನು ಮಾತಾಡುವ ಹಾಗಾಗಬಾರದು ಅಂತ.

ಏಪ್ರಿಲ್ 3, ಗುರುವಾರ

ಕಿಟಕಿಯಿಂದ ನೋಡುತ್ತಿದ್ದೆ. ಇವರೂ ಲಕ್ಕಯ್ಯನೂ ಗಿಡ ನೆಡುವಾಗ ಗುಂಡಿಗೆ ಗುರುತು ಹಾಕುವ ಹಗ್ಗ ಹಿಡಿದು ಗೇಟಿನ ರಸ್ತೆ ಅಳೆಯುತ್ತಿದ್ದರು. ಆರು ಅಡಿಗೊಂದು ಗಂಟಿರುವ ತೊಂಬತ್ತು ಅಡಿಯ ಹಗ್ಗ. ರಸ್ತೆಯ ಪಕ್ಕ ಸಿಲ್ವರ್ ಓಕ್ ಹಾಕುತ್ತಾರೆ ಅಂತ ಕಾಣುತ್ತದೆ. ಅದು ಮರವಾಗಲು ಇಪ್ಪತ್ತು ವರ್ಷ ಬೇಕು. ಈ ಮನುಷ್ಯನಿಗೆ ಇಪ್ಪತ್ತು ವರ್ಷದ ಆಚೆಯ ಮರ ಕಾಣುತ್ತದೆ, ಬರುವ ಜುಲೈ ಕಾಣುವುದಿಲ್ಲ. ಏನು ಮಾಡುತ್ತಿದ್ದೀರಿ ಅಂತ ಕೇಳಲಿಲ್ಲ. ಈಗೀಗ ಕೇಳುವುದಕ್ಕಿಂತ ಕೋಪ ಮಾಡಿಕೊಳ್ಳುವುದೇ ಸುಲಭ.

ವಾಕರಿನ ಒಂದು ಕಾಲಿನ ರಬ್ಬರು ಸವೆದಿದೆ. ಬದಲಾಯಿಸಲು ಹೇಳಬೇಕು.

ಏಪ್ರಿಲ್ 13, ಭಾನುವಾರ

ಪಟ್ಟಿಯಲ್ಲಿ ಎರಡೇ ಉಳಿದಿವೆ. ಎರಡೂ ಕೆರೆಯ ದಡದ ದಾರಿಗಳು, ಎರಡೂ ಮಟ್ಟಸ, ಎರಡೂ ಒಂದು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಸ್ವಿಟ್ಜರ್‌ಲೆಂಡಿನದರಲ್ಲಿ ಹಿಮದ ಶಿಖರ ಹತ್ತಿರ ಕಾಣುತ್ತದೆ. ಆಸ್ಟ್ರಿಯಾದ್ದರಲ್ಲಿ ದಾರಿ ತುಂಬ ನೆರಳಿದೆ. ಒಂದು ವಾರದಿಂದ ಇವೆರಡನ್ನೇ ನೋಡುತ್ತಿದ್ದೇನೆ, ತೀರ್ಮಾನಕ್ಕೆ ಬರಲು ಆಗುತ್ತಿಲ್ಲ. ಇವತ್ತು ಗೇಟು ಮುಟ್ಟಲೂ ಆಗಲಿಲ್ಲ.

ಊಟದ ಹೊತ್ತಿಗೆ "ಯಾವುದಾದ್ರೂ ಒಂದು ನೀವೇ ಹೇಳ್ರೀ" ಅಂದೆ. "ನಿಂಗೆ ಯಾವುದು ಇಷ್ಟನೋ ಅದು" ಅಂದರು. ಅಷ್ಟಕ್ಕೇ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಹೋದ ವರ್ಷ ನೀವು ಹೂಂ ಅಂದಿದ್ದರೆ ಕಾಲಿರುವಾಗಲೇ ನಡೆದು ಬಂದಿರುತ್ತಿದ್ದೆ ಅಂದೆ. ನನ್ನ ಕಾಲು ತಿಂದದ್ದು ಕಾಯಿಲೆಯಲ್ಲ, ನಿಮ್ಮ ಮುಂದಿನ ವರ್ಷ ಅಂದೆ. ಅವರು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಒಂದು ತಟ್ಟೆ ತೊಳೆಯಲು ಎಷ್ಟು ಹೊತ್ತು ಬೇಕು? ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಲೇ ಇತ್ತು.

ಏಪ್ರಿಲ್ 14

ಬದುಕುವುದೇ ಬೇಡ ಅನ್ನಿಸುತ್ತಿದೆ.

ಏಪ್ರಿಲ್ 15

ನಿನ್ನೆಯ ಸಾಲನ್ನು ಹೊಡೆದು ಹಾಕುವುದಿಲ್ಲ. ಇವತ್ತೂ ಅದಕ್ಕಿಂತ ಬೇರೆಯಾಗೇನೂ ಇಲ್ಲ. ಕಾಫಿ ಕುಡಿದೆ.

ಏಪ್ರಿಲ್ 20, ಭಾನುವಾರ

ವಾರದಿಂದ ನಾವಿಬ್ಬರೂ ಉಪ್ಪು, ಗ್ಯಾಸು, ಕರೆಂಟು ಇಷ್ಟನ್ನೇ ಮಾತಾಡುತ್ತಿದ್ದೆವು. ಇವತ್ತು ತಿಂಡಿ ಆದ ಮೇಲೆ ಇವರು ಫೋನೂ ಒಂದು ಹಾಳೆಯೂ ಹಿಡಿದುಕೊಂಡು ಬಂದು ಎದುರು ಕೂತರು.

"ಒಂದು ನಿಮಿಷ ನೋಡ್ತೀಯಾ? ನೋಡಿ ಆಮೇಲೆ ಬೈ."

ಆ ಎರಡು ಕೆರೆಗಳ ದಾರಿಯಲ್ಲಿ ನಡೆದವರು ಹಾಕಿದ ವೀಡಿಯೋಗಳನ್ನು ಹುಡುಕಿ ನೋಡಿದ್ದಾರೆ. ಇಂಗ್ಲಿಷಿನ ಸಿನಿಮಾ ಹತ್ತು ನಿಮಿಷ ನೋಡಿದರೆ ನಿದ್ದೆ ಹೋಗುವ ಮನುಷ್ಯ ಜರ್ಮನ್ ಭಾಷೆಯ ವೀಡಿಯೋಗಳನ್ನು ಒಂದು ವಾರದಿಂದ ನಿಲ್ಲಿಸಿ ನಿಲ್ಲಿಸಿ ನೋಡಿದ್ದಾರೆ. ಹಾಳೆಯಲ್ಲಿ ಎರಡು ಸೊಟ್ಟ ಗೆರೆ ಎಳೆದು, ಮೇಲೆ ಚುಕ್ಕಿ ಇಟ್ಟಿದ್ದರು.

"ಸ್ವಿಟ್ಜರ್‌ಲೆಂಡಿಂದ್ರಲ್ಲಿ ನಾಲ್ಕೇ ಬೆಂಚು. ಅದ್ರಲ್ಲೂ ಎರಡು ಒಂದೇ ಕಡೆ ಹಾಕಿದಾರೆ, ಪ್ರಯೋಜನ ಇಲ್ಲ. ಆಸ್ಟ್ರಿಯಾದ್ರಲ್ಲಿ ಹನ್ನೊಂದಿದೆ."

"ಬೆಂಚು ಎಣಿಸೋದು ಎಂತಕ್ಕೆ?"

"ನೀನು ಮೂರು ಹಗ್ಗ ನಡೆದು ನಿಲ್ತೀಯ" ಅಂದರು. "ಮೂರು ಹಗ್ಗ, ಒಂದೆರಡು ಗಂಟು ಹೆಚ್ಚು ಕಮ್ಮಿ. ಲಕ್ಕಯ್ಯನ್ನ ಕರ್ಕೊಂಡು ಅಳೆದಿದೀನಿ. ಅಲ್ಲಿ ಬೆಂಚಿಂದ ಬೆಂಚಿಗೆ ಹತ್ರ ಹತ್ರ ಮೂರು ಹಗ್ಗನೇ ಬರುತ್ತೆ."

ನಾನು ಎಲ್ಲಿ ನಿಲ್ಲುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ. ನಿಂತಾಗಲೆಲ್ಲ ಕಾಫಿ ಗಿಡಕ್ಕೆ ಹುಳ ಹಿಡಿದಿದೆಯಾ ಅಂತ ಕಾಂಡ ನೋಡುವವಳ ಹಾಗೆ ಬಗ್ಗುತ್ತಿದ್ದೆ. ಹಾಗಂತ ಹೇಳಿದೆ.

"ಗೊತ್ತು. ಮೂರು ತಿಂಗಳಿಂದ ಒಂದೇ ನಾಲ್ಕು ಗಿಡದಲ್ಲಿ ಹುಳ ಹುಡುಕ್ತಿದೀಯ. ಸುಮ್ನಿದ್ದೆ."

ಆಮೇಲೆ ಹಾಳೆ ಮಡಚುತ್ತ "ಹೋದ ವರ್ಷ ನಾನು ಹೂಂ ಅನ್ಬೇಕಿತ್ತು" ಅಂದರು. ಪರವಾಗಿಲ್ಲ ಬಿಡಿ ಅನ್ನಲು ನನ್ನಿಂದ ಆಗಲಿಲ್ಲ. "ಹೌದು" ಅಂದೆ. ಅವರು ತಲೆಯಾಡಿಸಿದರು. ಇಬ್ಬರೂ ಅತ್ತೆವು. ಮೂವತ್ತು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಆಸ್ಟ್ರಿಯಾ ಅಂತ ಆಯಿತು. ಜುಲೈ ಆರಕ್ಕೆ ಟಿಕೆಟ್ಟು. ಸಂಜೆ ಇಬ್ಬರೂ ಗೇಟಿನ ಕಡೆ ಹೋಗಿ ಬಂದೆವು.

ಏಪ್ರಿಲ್ 29

ಎರಡೂವರೆ ಹಗ್ಗ. ಈ ಪೆನ್ನು ಸರಿಯಿಲ್ಲ, ಜಾರುತ್ತದೆ.

ಮೇ 9, ಶುಕ್ರವಾರ

ನಿನ್ನೆ ಬೆಂಗಳೂರಿನ ವೀಸಾ ಕಚೇರಿಗೆ ಹೋಗಿ ಬಂದೆವು. ಬೆಳಗಿನ ಜಾವ ಹೊರಟಿದ್ದೆವು, ಇವತ್ತು ಮೈಯೆಲ್ಲ ನೋವು.

ಇವರ ಭುಜ ಹಿಡಿದುಕೊಂಡು ಲಿಫ್ಟಿನ ತನಕ ಹೋದೆ. ಮೇಲೆ ಉದ್ದದ ಹಾದಿ, ಕೂರಲು ಎಲ್ಲೂ ಜಾಗವಿಲ್ಲ. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಕೇಳದೆಯೇ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಬೇಡ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಕೂತಿದ್ದೆ. ಕೂತ ಕೂಡಲೇ ಎಷ್ಟು ಹಾಯಾಯಿತು ಅಂದರೆ, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಕೌಂಟರಿನಲ್ಲಿದ್ದ ಹುಡುಗಿಯ ಹೆಸರು ಕವನಾ. ಅರ್ಜಿಯ ಜೊತೆ ನಾನು ಬರೆದಿದ್ದ ಪತ್ರವನ್ನು ಓದಿದಳು, ಕುರ್ಚಿ ನೋಡಿದಳು, ಮತ್ತೆ ಪತ್ರ ಓದಿದಳು.

"ಮೇಡಂ, ಇಲ್ಲಿ ವಾಕಿಂಗ್ ಹಾಲಿಡೇ ಅಂತ ಬರ್ದಿದೀರ. ಬರೀ ಪ್ರವಾಸ ಅಂತ ಇದ್ರೆ ಸಾಕಾಗುತ್ತೆ. ಬೇರೆ ಪತ್ರ ಬರ್ಕೊಡ್ತೀರಾ?"

"ಬೇಡಮ್ಮ, ಹಾಗೇ ಇರ್ಲಿ. ಇವ್ರು ನಡೀತಾರೆ, ನಾನು ದಾರಿ ಹೇಳ್ತೀನಿ."

ಯಾಕೆ ಹಾಗಂದೆನೋ ಗೊತ್ತಿಲ್ಲ. ಕುರ್ಚಿಯಲ್ಲಿ ಕೂತಿದ್ದಕ್ಕೆ ಹಾಗೆ ಬಾಯಿಗೆ ಬಂದಿರಬೇಕು. ಇವರು ಆ ಕಡೆ ತಿರುಗಿ ಫೈಲು ಜೋಡಿಸುತ್ತಿದ್ದರು.

ಆಮೇಲೆ ಬೆರಳಚ್ಚು. ಸಣ್ಣ ಗಾಜಿನ ಮೇಲೆ ನಾಲ್ಕು ಬೆರಳು ಒಟ್ಟಿಗೆ ಇಡಬೇಕು. ಎಡಗೈಯದು ಆಯಿತು. ಬಲಗೈ ಇಟ್ಟೆ. "ಸ್ವಲ್ಪ ಒತ್ತಿ ಮೇಡಂ" ಅಂದಳು. ಒತ್ತಿದೆ. "ಇನ್ನೂ ಸ್ವಲ್ಪ ಒತ್ತಿ." ಒತ್ತುತ್ತಲೇ ಇದ್ದೆ. ಮಿಷನ್ನು ಸರಿಯಿಲ್ಲವೇನೋ ಅಂದೆ. ಅವಳು ಎದ್ದು ಈ ಕಡೆ ಬಂದು ನನ್ನ ಬೆರಳುಗಳ ಮೇಲೆ ತನ್ನ ಕೈಯಿಟ್ಟು ಒತ್ತಿದಳು. ಹಸಿರು ದೀಪ ಹತ್ತಿತು.

ವಾಪಸು ಬರುವಾಗ ಹಾಸನ ದಾಟಿದೆವು. ಬೇಲೂರಿನಲ್ಲಿ ಇವರು ಕಾರು ನಿಲ್ಲಿಸಿ ಕಾಫಿ ತಂದರು. ನನ್ನ ಲೋಟವನ್ನು ಎಡಗೈಗೆ ಕೊಟ್ಟರು.

"ಟಿಕೆಟ್ ಬದ್ಲಾಯ್ಸಣ. ಜುಲೈ ಬೇಡ" ಅಂದರು.

"ಮತ್ತೆ?"

"ಹದಿನೈದು ದಿನಕ್ಕೆ ವೀಸಾ ಬರುತ್ತೆ ಅಂದ್ರಲ್ಲ. ಬಂದ ಮರುದಿನ ಹೊರಡಣ."

ಮೇ ಕೊನೆಗೆ ಮೇಲೆಲ್ಲ ಇನ್ನೂ ಹಿಮ ಇರುತ್ತದೆ, ಕೇಬಲ್ ಕಾರು ಶುರುವಾಗಿರುವುದಿಲ್ಲ, ಮಳೆ ಬಂದರೂ ಬಂತು ಅಂತ ಕ್ಲಾಸಿನಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳಿದೆ. ಶಿಖರವೂ ಮೋಡದಲ್ಲಿರಬಹುದು, ಏನೂ ಕಾಣದೆ ಇರಬಹುದು ಅಂದೆ. ಇವರು ಲೋಟ ಕೆಳಗಿಡದೆ ಪೂರ್ತಿ ಕೇಳಿಸಿಕೊಂಡರು.

"ಕೆರೆ ಇರುತ್ತಲ್ಲ" ಅಂದರು.

ಹೌದು, ಕೆರೆ ಇರುತ್ತದೆ.